ವಿಷಮಶೀತ ಜ್ವರ: ದಂಡಿನ ಸೂಜಿ ನವಿಮುಂಬಯಿಗೆ ಬಂದ ಬಗೆ

ಮಳೆಗಾಲದಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ್ ಕಡೆಯ ದವಾಖಾನೆಗೆ ಬಿಡದ ಜ್ವರವೆಂದು ಹೋದರೆ ವೈದ್ಯರ ಶಂಕೆ ಮಲೇರಿಯಾ, ಡೆಂಗಿ, ಟೈಫಾಯಿಡ್ ಈ ಮೂರರ ಸುತ್ತ ತಿರುಗುತ್ತದೆ. ಕೊನೆಯದಕ್ಕೆ ಕನ್ನಡದಲ್ಲಿ ವಿಷಮಶೀತ ಜ್ವರವೆಂಬ ಹೆಸರಿದೆ. ಇದು ಸೊಳ್ಳೆಯಿಂದ ಬರುವುದಲ್ಲ. ಸೋಂಕಿತರ ಮಲದ ಅಂಶ ನೀರಿಗೋ ಊಟಕ್ಕೋ ಸೇರಿ, ಬಾಯಿಯ ಮೂಲಕ ದೇಹಕ್ಕಿಳಿಯುತ್ತದೆ. ಇದರ ಲಸಿಕೆಯ ಚರಿತ್ರೆಯಲ್ಲಿ ನಮ್ಮ ನವಿಮುಂಬಯಿಗೂ ಒಂದು ಪುಟವಿದೆ.

ಲಸಿಕೆಯ ಮೊದಲ ಪ್ರಯೋಗಗಳು ನಡೆದದ್ದು 1896ರಲ್ಲಿ. ಇಂಗ್ಲೆಂಡಿನ ಸೇನಾ ವೈದ್ಯಕೀಯ ಶಾಲೆಯಲ್ಲಿದ್ದ ಆಲ್ಮ್‌ರಾತ್ ರೈಟ್ ಕೊಂದ ರೋಗಾಣುಗಳನ್ನೇ ಚುಚ್ಚಿ ದೇಹವನ್ನು ಸಜ್ಜುಗೊಳಿಸುವ ದಾರಿ ಹಿಡಿದ. ಭಾರತದಲ್ಲಿ ಕಾಲರಾ ಲಸಿಕೆ ಹಾಕಿ, 1897ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿದ ಹಾಫ್‌ಕಿನ್ ಅವನಿಗೆ ಪ್ರೇರಣೆ. 1898ರಲ್ಲಿ ಪ್ಲೇಗ್ ಆಯೋಗದ ಸದಸ್ಯನಾಗಿ ಭಾರತಕ್ಕೆ ಬಂದ ರೈಟ್, ಇಲ್ಲಿನ ಸುಮಾರು 4 ಸಾವಿರ ಬ್ರಿಟಿಷ್ ಸೈನಿಕರಿಗೆ ಲಸಿಕೆ ಹಾಕಿದ. ಮರುವರ್ಷ ಆರಂಭವಾದ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಹೆಚ್ಚಿನ ಸೈನಿಕರು ಲಸಿಕೆ ಪಡೆದಿರಲಿಲ್ಲ. ಸುಮಾರು 8 ಸಾವಿರ ಮಂದಿ ಟೈಫಾಯಿಡ್‌ಗೆ ಬಲಿಯಾದರು. ಆ ಕಾಲದಲ್ಲಿ ಲಸಿಕೆಯ ಗುರಿ ದಂಡು. ಪೇಟೆಯ ಕೇರಿಗಳಲ್ಲಿದ್ದ ಮಕ್ಕಳು ಲೆಕ್ಕದಲ್ಲಿರಲಿಲ್ಲ.

1948ರಲ್ಲಿ ಕ್ಲೋರಾಂಫೆನಿಕಾಲ್ ಬಂತು. ವಾರಗಟ್ಟಲೆ ಕಾಡಿ ಜೀವ ತೆಗೆಯುತ್ತಿದ್ದ ಜ್ವರ ಕೆಲವೇ ದಿನಗಳಲ್ಲಿ ಇಳಿಯತೊಡಗಿತು. ಆದರೆ ಆ ನೆಮ್ಮದಿ ಬಹುಕಾಲ ಬಾಳಲಿಲ್ಲ. 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಈ ಔಷಧಕ್ಕೆ ಜಗ್ಗದ ಟೈಫಾಯಿಡ್ ಹರಡಿತು. 1990ರ ಸುಮಾರಿಗೆ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರಿಮಾಕ್ಸಜೋಲ್ ಮೂರಕ್ಕೂ ಬಗ್ಗದ ತಳಿಗಳು ಭಾರತದಲ್ಲಿ ಹಬ್ಬಿದವು. ಆಗ ಕೈಹಿಡಿದ ಸಿಪ್ರೊಫ್ಲಾಕ್ಸಸಿನ್ ಕೂಡ ಮುಂದೆ ಬಲ ಕಳೆದುಕೊಂಡಿತು. ಈಗ ನಮ್ಮ ವೈದ್ಯರು ಹೆಚ್ಚಾಗಿ ನಂಬಿರುವುದು ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೊಮೈಸಿನ್. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಕಾಣಿಸಿಕೊಂಡ ತಳಿ ಸೆಫ್ಟ್ರಿಯಾಕ್ಸೋನನ್ನೂ ಮೀರಿತು. ಬಾಯಿಯಿಂದ ನುಂಗಬಹುದಾದ ಔಷಧಗಳಲ್ಲಿ ಅಲ್ಲಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ.

ಇದಕ್ಕೆ ಉತ್ತರ ಬಂದದ್ದು ಇನ್ನೊಂದು ಹೈದರಾಬಾದಿನಿಂದ, ನಮ್ಮ ತೆಲಂಗಾಣದ ರಾಜಧಾನಿಯಿಂದ. ಟೈಫಾಯಿಡ್ ರೋಗಾಣುವಿನ ಮೇಲೆ ವಿಐ ಎಂಬ ಸಕ್ಕರೆಯ ಕವಚವಿದೆ. ಬರೀ ಆ ಸಕ್ಕರೆಯಿಂದ ಮಾಡಿದ ಲಸಿಕೆಯನ್ನು ಎರಡು ವರ್ಷದೊಳಗಿನ ಮಗುವಿನ ದೇಹ ಸರಿಯಾಗಿ ಗುರುತಿಸುವುದಿಲ್ಲ. ಅದನ್ನು ಟೆಟನಸ್ ಪ್ರೊಟೀನಿಗೆ ಬೆಸೆದರೆ ಗುರುತಿಸುತ್ತದೆ. ಭಾರತ್ ಬಯೋಟೆಕ್ ಹೀಗೆ ಬೆಸೆದು ಮಾಡಿದ ಟೈಪ್‌ಬಾರ್ ಟಿಸಿವಿ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತ ಬಳಿಕ, ನವಿಮುಂಬಯಿ ಮಹಾನಗರಪಾಲಿಕೆ ಮುಂದೆ ಬಂತು.

2018ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪಾಲಿಕೆಯ 22 ನಗರ ಆರೋಗ್ಯ ಕೇಂದ್ರಗಳ ಪೈಕಿ 11ರ ವ್ಯಾಪ್ತಿಯಲ್ಲಿ, 9 ತಿಂಗಳಿಂದ 14 ವರ್ಷದವರೆಗಿನ ಸುಮಾರು 1.13 ಲಕ್ಷ ಮಕ್ಕಳಿಗೆ ಉಚಿತವಾಗಿ ಈ ಲಸಿಕೆ ಹಾಕಲಾಯಿತು. ಸರಕಾರಿ ವಲಯ ಟಿಸಿವಿಯನ್ನು ಬಳಕೆಗೆ ತಂದ ಜಗತ್ತಿನ ಮೊದಲ ಪ್ರಯತ್ನವೆಂದು ಇದು ದಾಖಲಾಗಿದೆ. ಮುಂದಿನ ಅಧ್ಯಯನ ಲಸಿಕೆಯ ಪರಿಣಾಮ ಸುಮಾರು ಶೇ. 80 ಎಂದು ತೋರಿಸಿತು. ಪಾಕಿಸ್ತಾನ 2019ರ ನವೆಂಬರಿನಲ್ಲಿ ಟಿಸಿವಿಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ ಮೊದಲ ದೇಶವಾಯಿತು. ಅಲ್ಲಿಗೆ ಹೋದದ್ದೂ ಇದೇ ಭಾರತೀಯ ಲಸಿಕೆ.

1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಕಟ್ಟತೊಡಗಿದ ಈ ಊರು ವಲಸಿಗರದು. ನಮ್ಮಂಥ ನೌಕರಿಯವರು, ಉಡುಪಿ ಹೋಟೆಲಿನ ಹುಡುಗರು, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ ಕಡೆಯ ಕುಟುಂಬಗಳು, ಎಲ್ಲರೂ ಇಲ್ಲಿದ್ದಾರೆ. ಹಣವಿದ್ದವರು ಮಕ್ಕಳ ವೈದ್ಯರಲ್ಲಿ ದುಡ್ಡು ಕೊಟ್ಟು ಲಸಿಕೆ ಹಾಕಿಸುತ್ತಾರೆ. ಒಂದು ನಲ್ಲಿಗೆ ಹತ್ತು ಮನೆಯವರು ಸಾಲು ನಿಲ್ಲುವ ಕಡೆ ರೋಗದ ಅಪಾಯ ಹೆಚ್ಚು, ದುಡ್ಡು ಕಡಿಮೆ. 2018ರ ಅಭಿಯಾನದ ತೂಕವಿರುವುದು ಇಲ್ಲೇ. ದಂಡಿಗೆ ಮೀಸಲಾಗಿದ್ದ ಸೂಜಿ 120 ವರ್ಷಗಳ ಬಳಿಕ ಕೇರಿಯ ಮಗುವಿನ ಪಾಲಿಗೂ ಬಂತು.

ಈ ಲಸಿಕೆಯನ್ನು ದೇಶದ ಎಲ್ಲ ಮಕ್ಕಳಿಗೂ ಕೊಡಬೇಕೆಂದು ಕೇಂದ್ರದ ತಜ್ಞರ ಸಮಿತಿ 2022ರಲ್ಲಿ ಶಿಫಾರಸು ಮಾಡಿತು. ಲಸಿಕೆ ಬಂದಿತೆಂದು ಒಳ್ಳೆಯ ನೀರು, ಚರಂಡಿಗಳ ಅಗತ್ಯ ತಪ್ಪುವುದಿಲ್ಲ. ಜ್ವರ ಇಳಿಯಿತೆಂದು ಮಾತ್ರೆಯನ್ನು ಅರ್ಧಕ್ಕೆ ಬಿಡುವುದೂ, ಚೀಟಿಯಿಲ್ಲದೆ ಮೆಡಿಕಲ್‌ನಲ್ಲಿ ಕೇಳಿ ನುಂಗುವುದೂ ಉಳಿದ ಒಂದೆರಡು ಔಷಧಗಳನ್ನು ಸವೆಸುತ್ತವೆ. ಕಲ್ಲಿಕೋಟೆಯಿಂದ ಸಿಂಧ್‌ವರೆಗಿನ ಚರಿತ್ರೆಯಲ್ಲಿ ಒಮ್ಮೆ ಕೈಬಿಟ್ಟ ಔಷಧದ ಜಾಗಕ್ಕೆ ಪ್ರತಿ ಸಲ ಹೊಸದೊಂದು ಸಿಕ್ಕಿತ್ತು. ಮುಂದಿನ ಸಲವೂ ಸಿಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.