ಪಾದ್ರಿಗಳು ಓದಿದ್ದು ಯಾರ ಧರ್ಮ?

ಬರಹ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಪೂರ್ತಿ ಓದಿ.

ಕ್ಯಾಥೊಲಿಕ್ ಚರ್ಚು ಬೇರೆ ಧರ್ಮಗಳನ್ನ ಗೌರವಿಸುತ್ತೆ, ಅವರ ಜೊತೆ ಸಂವಾದ ಮಾಡುತ್ತೆ ಅನ್ನೋ ಮಾತನ್ನ ಸೌಹಾರ್ದ ಸಭೆಗಳಲ್ಲಿ ಕೇಳ್ತಾ ಇರ್ತೀವಿ. ವೇದಿಕೆ ಮೇಲೆ ಒಬ್ಬ ಸ್ವಾಮೀಜಿ, ಒಬ್ಬ ಮೌಲ್ವಿ, ಒಬ್ಬ ಫಾದರ್ ಕೂತಿರ್ತಾರೆ. ಇವತ್ತಿನ ಕಾಲಕ್ಕೆ ಇದು ಬೇಕು. ಹಿಂದೂ ಮುಸ್ಲಿಮರು ಅಕ್ಕಪಕ್ಕ ಬದುಕೋ ನಮ್ಮ ಕಿರುಗಾವಲಿನಂಥ ಊರಿನವರಿಗೆ ಇದರ ಬೆಲೆ ಚೆನ್ನಾಗೇ ಗೊತ್ತು. ಆದ್ರೆ ಆ ವೇದಿಕೆ ಮೇಲೆ ನಮ್ಮ ಕೇರಿಯ ಧರ್ಮಕ್ಕೆ ಕುರ್ಚಿ ಯಾಕಿಲ್ಲ? ಇದಕ್ಕೆ ಉತ್ತರ ಬೇಕು ಅಂದ್ರೆ ನಾನೂರು ವರ್ಷ ಹಿಂದಕ್ಕೆ ಹೋಗ್ಬೇಕು.

1606ರಲ್ಲಿ ರಾಬರ್ಟ್ ಡಿ ನೊಬಿಲಿ ಅನ್ನೋ ಇಟಲಿಯ ಜೆಸ್ವಿಟ್ ಪಾದ್ರಿ ಮಧುರೆಗೆ ಬಂದರು. ಪರಂಗಿಯವರು ದನದ ಮಾಂಸ ತಿಂತಾರೆ, ಕೀಳು ಜಾತಿಯವರ ಜೊತೆ ಬೆರೀತಾರೆ, ಅದಕ್ಕೇ ಮೇಲ್ಜಾತಿಯವರು ಹತ್ತಿರ ಬರಲ್ಲ ಅನ್ನೋದು ಅವರಿಗೆ ಅರ್ಥ ಆಯ್ತು. ಅವರು ಕಂಡುಕೊಂಡ ದಾರಿ ಏನು ಗೊತ್ತಾ? ಕಾವಿ ಉಟ್ಟರು, ಮಾಂಸ ಬಿಟ್ಟರು, ಬ್ರಾಹ್ಮಣ ಅಡುಗೆಯವನನ್ನ ಇಟ್ಕೊಂಡರು. ಕಡಲ ತೀರದ ಪರವ ಕ್ರೈಸ್ತರಿಗಾಗಿ ಮೊದಲೇ ಇದ್ದ ಚರ್ಚಿನಿಂದ ದೂರ ಬೇರೆ ಮನೆ ಮಾಡಿದರು. ತಮಿಳು, ಸಂಸ್ಕೃತ ಕಲಿತರು. ಜನಿವಾರ, ಜುಟ್ಟು, ಗಂಧ ಇವೆಲ್ಲ ಬರೀ ಲೌಕಿಕ ಆಚಾರ, ಮತಾಂತರ ಆದವರೂ ಇಟ್ಕೊಳ್ಳಬಹುದು ಅಂತ ವಾದಿಸಿದರು. 1623ರಲ್ಲಿ ಪೋಪ್ 15ನೇ ಗ್ರೆಗರಿ ಇದಕ್ಕೆ ಒಪ್ಪಿಗೆ ಕೊಟ್ಟರು.

ಇನ್ನೊಬ್ಬರ ಸಂಸ್ಕೃತಿಯನ್ನ ಗೌರವಿಸಿದ ಮಹಾನುಭಾವ ಅಂತ ನೊಬಿಲಿಯವರನ್ನ ಇವತ್ತಿಗೂ ಹೊಗಳ್ತಾರೆ. ಒಂದು ರೀತಿಯಲ್ಲಿ ನಿಜವೇ. ಆದ್ರೆ ಆ ಗೌರವದ ಬಿಲ್ಲು ಕಟ್ಟಿದವರು ಯಾರು? ಮೇಲ್ಜಾತಿಯವರಿಗೆ ಒಬ್ಬ ಪಾದ್ರಿ, ಕೆಳಜಾತಿಯವರಿಗೆ ಬೇರೆ ಪಾದ್ರಿ ಅನ್ನೋ ವ್ಯವಸ್ಥೆ ಬೆಳೀತು. ಅವರು ಸಂಸ್ಕೃತಿ ಅಂದಿದ್ದರ ಜೊತೆಗೇ ಅಸ್ಪೃಶ್ಯತೆಯೂ ಚರ್ಚಿನೊಳಗೆ ಬಂತು.

ಇದು ಬರೀ ತಮಿಳುನಾಡಿನ ಕಥೆ ಅಲ್ಲ. 1640ರ ದಶಕದ ಕೊನೆಗೆ, ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಲಿಯೊನಾರ್ಡೊ ಚಿನ್ನಮಿ ಅನ್ನೋ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಅಂದ್ರೆ ಇವತ್ತಿನ ನಮ್ಮ ಮಂಡ್ಯ ಜಿಲ್ಲೆಗೇ. ಅವರೂ ಸನ್ಯಾಸಿ ವೇಷದಲ್ಲೇ ಇದ್ದರು, ಕನ್ನಡ ಕಲಿತು ಕನ್ನಡದಲ್ಲಿ ಬರೆದರು. ಆ ಭಾಷೆಯ ಶ್ರಮಕ್ಕೆ ನನ್ನದೊಂದು ನಮಸ್ಕಾರ. ಆದ್ರೆ ಮೈಸೂರು ಮಿಷನ್ನೂ ಹಿಡಿದದ್ದು ಮಧುರೆಯ ದಾರಿಯನ್ನೇ.

ರೋಮಿನಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೀತು. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೊನ್ ಪಾಂಡಿಚೇರಿಯಲ್ಲಿ ಒಂದು ಆದೇಶ ಹೊರಡಿಸಿದರು. ಅದರಲ್ಲಿ ಒಂದು ಅಂಶ ಏನಪ್ಪಾ ಅಂದ್ರೆ, ಪಾದ್ರಿಗಳು ಕಾಯಿಲೆ ಬಿದ್ದ ಪರೆಯರ ಮನೆ ಒಳಗೇ ಹೋಗಿ ಸಂಸ್ಕಾರ ಕೊಡಬೇಕು. ಅಂಥಾ ಆದೇಶ ಬೇಕಾಯ್ತು ಅಂದ್ರೆ ಏನರ್ಥ? ಸಾಯೋ ಹೊತ್ತಲ್ಲೂ ನಮ್ಮವರ ಹೊಸ್ತಿಲು ದಾಟೋಕೆ ಹಿಂಜರೀತಿದ್ದರು ಅಂತ ತಾನೇ? ಮೇಲ್ಜಾತಿಯವರು ಬಿಟ್ಟು ಹೋಗ್ತಾರೆ ಅನ್ನೋ ಭಯ ಅವರಿಗೆ. ವಾದ ನಲವತ್ತು ವರ್ಷ ಎಳೀತು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಆ ಆದೇಶವನ್ನ ಗಟ್ಟಿ ಮಾಡಿದರು. ಕೊನೆಗೆ ಸಿಕ್ಕ ಪರಿಹಾರ? ಪರೆಯರಿಗೇ ಅಂತ ಪ್ರತ್ಯೇಕ ಪಾದ್ರಿಗಳನ್ನ ನೇಮಿಸೋದು! ಮನೆ ಬಾಗಿಲು ತೆರೀತು, ಪಂಕ್ತಿ ಮಾತ್ರ ಬೇರೆಯಾಗೇ ಉಳೀತು.

ಆಮೇಲೆ ಬಂದವರು ಅಬೆ ದ್ಯುಬುವಾ. 1799ರಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮರಾದ ಮೇಲೆ, ಚದುರಿ ಹೋಗಿದ್ದ ಕ್ರೈಸ್ತರನ್ನ ಒಟ್ಟುಗೂಡಿಸೋಕೆ ಈ ಫ್ರೆಂಚ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಇಲ್ಲಿನವರ ಹಾಗೇ ಉಟ್ಟರು, ಇಲ್ಲಿನವರ ಹಾಗೇ ಉಂಡರು. ಜನ 'ದೊಡ್ಡ ಸ್ವಾಮಿಯೋರು' ಅಂತ ಕರೀತಿದ್ದರು. ಒಳ್ಳೇದನ್ನ ಒಳ್ಳೇದು ಅನ್ಲೇಬೇಕು: ಸಿಡುಬಿಗೆ ಲಸಿಕೆ ಹಾಕಿಸೋಕೆ ಊರೂರು ಓಡಾಡಿದರು, ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು.

ಆದ್ರೆ ಅವರು ಹಿಂದೂಗಳ ಆಚಾರ ವಿಚಾರಗಳ ಮೇಲೆ ಬರೆದ ದೊಡ್ಡ ಪುಸ್ತಕ ನೋಡಿ. ಅದರ ಹಸ್ತಪ್ರತಿಯನ್ನ ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಎರಡು ಸಾವಿರ ವರಹಕ್ಕೆ ಕೊಂಡುಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಅದರ ಬಹುಭಾಗ ಕೂರ್ದು ಅನ್ನೋ ಹಳೇ ಜೆಸ್ವಿಟ್ ಪಾದ್ರಿಯ ಬರಹದಿಂದ ಎತ್ತಿದ್ದು ಅಂತ ಸಂಶೋಧಕರು ತೋರಿಸಿದ್ದಾರೆ, ಅದು ಬೇರೆ ಮಾತು. ಪುಸ್ತಕದ ತುಂಬಾ ಬ್ರಾಹ್ಮಣರ ಸಂಸ್ಕಾರ, ಮಡಿ, ಶಾಸ್ತ್ರ. ಜಾತಿ ವ್ಯವಸ್ಥೆ ಹಿಂದೂ ಕಾನೂನಿನ ಅತ್ಯುತ್ತಮ ಸಾಧನೆ ಅನ್ನೋ ಅರ್ಥದ ಮಾತು ಅದರಲ್ಲಿದೆ. ಜಾತಿಯ ಕಟ್ಟುಪಾಡು ಇಲ್ಲದಿದ್ರೆ ಹಿಂದೂಗಳ ಗತಿ ಏನಾಗ್ತಿತ್ತು ಅನ್ನೋಕೆ ಪರೆಯರನ್ನ ನೋಡಿ ಅಂತಾರೆ. ನಮ್ಮ ಸ್ಥಿತಿಗೆ ಕಾರಣವೇ ಜಾತಿ, ಇವರಿಗೆ ನಾವು ಜಾತಿ ಬೇಕು ಅನ್ನೋದಕ್ಕೆ ಸಾಕ್ಷಿ!

ಈಗ ಇಪ್ಪತ್ತನೇ ಶತಮಾನಕ್ಕೆ ಬನ್ನಿ. 1964ರ ಡಿಸೆಂಬರಿನಲ್ಲಿ ಪೋಪ್ 6ನೇ ಪಾಲ್ ಮುಂಬಯಿಗೆ ಬಂದಾಗ ಉಪನಿಷತ್ತಿನ ಪ್ರಾರ್ಥನೆಯನ್ನ ಉದ್ಧರಿಸಿ ಮಾತಾಡಿದರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ 'ನೋಸ್ತ್ರಾ ಏತಾತೆ' ಅನ್ನೋ ಘೋಷಣೆ ಹೊರಡಿಸಿತು. ಪರವಾಗಿ 2221 ಮತ, ವಿರುದ್ಧ 88. ಬೇರೆ ಧರ್ಮಗಳಲ್ಲಿ ಇರೋ ಸತ್ಯವನ್ನ, ಪಾವಿತ್ರ್ಯವನ್ನ ಚರ್ಚು ತಳ್ಳಿಹಾಕಲ್ಲ ಅಂತ ಸಾರಿದರು. ಯಹೂದಿಗಳ ಬಗ್ಗೆ, ಮುಸ್ಲಿಮರ ಬಗ್ಗೆ ಶತಮಾನಗಳ ದ್ವೇಷವನ್ನ ಪಕ್ಕಕ್ಕಿಟ್ಟರು. ಇದು ಸಣ್ಣ ವಿಷಯ ಅಲ್ಲ. ಆದ್ರೆ ಹಿಂದೂ ಧರ್ಮ ಅಂದಾಗ ಅಲ್ಲಿ ಕಾಣೋದು ತತ್ವಶಾಸ್ತ್ರ, ತಪಸ್ಸು, ಧ್ಯಾನ, ಭಕ್ತಿ. ಕೊನೇ ಭಾಗದಲ್ಲಿ ಜನಾಂಗ, ಬಣ್ಣ, ಬದುಕಿನ ಸ್ಥಿತಿ, ಧರ್ಮ ಇವುಗಳ ಮೇಲೆ ಭೇದ ಮಾಡೋದು ತಪ್ಪು ಅಂತಾರೆ. ಜಾತಿ ಅನ್ನೋ ಪದವೇ ಇಲ್ಲ.

ಅಲ್ಲಿಂದ ಮುಂದೆ ಬೆಂಗಳೂರಲ್ಲಿ, ಮೈಸೂರಲ್ಲಿ ಚರ್ಚಿನ ಪೂಜೆಗೆ ಆರತಿ ಬಂತು, ಓಂಕಾರ ಬಂತು, ಸಂಸ್ಕೃತ ಮಂತ್ರ ಬಂತು. ಇದನ್ನ ಭಾರತೀಕರಣ ಅಂದರು. ಸ್ವಾಮಿ, ನಮ್ಮ ತಮಟೆ ಭಾರತದ್ದಲ್ವಾ?

ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ ಬೊಪ್ಪೇಗೌಡನಪುರ ಇದೆ, ಮಂಟೇಸ್ವಾಮಿ ಮಠ ಇದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡೋ ಕಾವ್ಯದಲ್ಲಿ ಮಂಟೇಸ್ವಾಮಿ ಹೊಲಸು ಮೈಯ ರೂಪದಲ್ಲೇ ಕಲ್ಯಾಣದ ಬಾಗಿಲಿಗೆ ಹೋಗಿ, ಶರಣರು ಅಂತ ಹೇಳ್ಕೊಂಡವರನ್ನೇ ಪರೀಕ್ಷೆ ಮಾಡ್ತಾರೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆ ನಡೆಯುತ್ತೆ, ಜಾತಿ ಕೇಳದೆ ಒಟ್ಟಿಗೆ ಕೂತು ಬಾಡೂಟ ಉಣ್ತಾರೆ. ಯೇಸು ಕೂಡ ಊರವರು ದೂರ ಇಟ್ಟವರ ಜೊತೆ ಕೂತು ಉಂಡು ಬೈಸಿಕೊಂಡವರೇ ಅಲ್ವಾ? ಧರ್ಮ ಧರ್ಮಗಳ ನಡುವೆ ಹೋಲಿಕೆ ಹುಡುಕೋರಿಗೆ ಇದಕ್ಕಿಂತ ಹತ್ತಿರದ್ದು ಯಾವುದು ಸಿಗುತ್ತೆ? ಆದ್ರೂ ಪಾದ್ರಿಗಳ ದಾರಿ ಇಷ್ಟು ಕಾಲ ಅಗ್ರಹಾರದ ಕಡೆಗೇ ಹೋಯ್ತು. ಉಪನಿಷತ್ತು ಧರ್ಮ ಆಯ್ತು, ನಮ್ಮದು ಜಾನಪದ ಆಯ್ತು.

ಇದರ ಪೆಟ್ಟು ಬಿದ್ದದ್ದು ಚರ್ಚಿಗೆ ಹೋದ ನಮ್ಮದೇ ಅಣ್ಣತಮ್ಮಂದಿರ ಮೇಲೆ. ಚರ್ಚಿನ ಶಾಲೆ, ಆಸ್ಪತ್ರೆಗಳಿಂದ ನಮ್ಮವರಿಗೆ ಅಕ್ಷರ ಸಿಕ್ಕಿದೆ, ಜೀವ ಉಳಿದಿದೆ, ಅದನ್ನ ಮರೆಯಲ್ಲ. ಆದ್ರೆ 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನ ಹಿಂದೂಗಳಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇವತ್ತಿಗೂ ಹೊರಗೇ. ಆ ಧರ್ಮಗಳಲ್ಲಿ ಜಾತಿ ಇಲ್ಲ ಅಂತ ಸರ್ಕಾರದ ವಾದ. ಭಾರತದ ಬಿಷಪ್ಪರ ಮಂಡಳಿಯೇ 2016ರಲ್ಲಿ ದಲಿತ ಸಬಲೀಕರಣ ನೀತಿ ತಂದು, ಚರ್ಚಿನೊಳಗೆ ಜಾತಿ ತಾರತಮ್ಯ ಇದೆ ಅಂತ ಒಪ್ಪಿಕೊಂಡಿದೆ. ಭಾರತದ ದಲಿತ ಸಮುದಾಯದಿಂದ ಮೊದಲ ಕಾರ್ಡಿನಲ್ ಆಗಿದ್ದು 2022ರಲ್ಲಿ, ಹೈದರಾಬಾದಿನ ಆರ್ಚ್‌ಬಿಷಪ್ ಆಂಥೋನಿ ಪೂಲಾ. ನೊಬಿಲಿ ಬಂದು ನಾನೂರಕ್ಕೂ ಹೆಚ್ಚು ವರ್ಷ ಆದ ಮೇಲೆ!

ಬಾಬಾಸಾಹೇಬರು ಕ್ರೈಸ್ತ ಧರ್ಮವನ್ನ ಆಳವಾಗಿ ಓದಿ, ಮತಾಂತರವಾದ ಅಸ್ಪೃಶ್ಯರ ಸ್ಥಿತಿ ಬಗ್ಗೆ ಬರೆದು, ಕೊನೆಗೆ 1956ರಲ್ಲಿ ಬುದ್ಧನ ಕಡೆ ನಡೆದದ್ದು ಸುಮ್ನೆ ಅಲ್ಲ. ಯಾವ ಧರ್ಮವನ್ನೇ ಆಗಲಿ ಅವರು ಅಳೆದದ್ದು, ಅದು ಮನುಷ್ಯನನ್ನ ಸಮನಾಗಿ ಕಾಣುತ್ತಾ ಅನ್ನೋ ಒಂದೇ ಕೋಲಿನಿಂದ.

ಚರ್ಚಿನ ಹಿರಿಯರಿಗೆ ನನ್ನ ವಿನಂತಿ ಇಷ್ಟೇ. ಸಂವಾದ ಮುಂದುವರಿಸಿ, ಕೋಮುವಾದಿಗಳ ಕಾಲದಲ್ಲಿ ನಾವು ನಿಮ್ಮ ಜೊತೆ ಇದ್ದೀವಿ. ಆದ್ರೆ ಮುಂದಿನ ಸಭೆಗೆ ಮಠಾಧೀಶರನ್ನ ಕರೆಯೋ ಮುಂಚೆ ಒಬ್ಬ ನೀಲಗಾರರನ್ನ ಕರೀರಿ. ಚಿಕ್ಕಲ್ಲೂರಿನ ಪಂಕ್ತಿಯಲ್ಲಿ ಬಂದು ಕೂತ್ಕೊಳ್ಳಿ. ಎಲೆ ಹಾಕ್ತೀವಿ, ಜಾತಿ ಕೇಳಲ್ಲ.

ಜೈ ಭೀಮ್.