ವೃದ್ಧ ಓಟಗಾರನೂ ಅರ್ಧಶಕ್ತಿಯ ನಿಯಮವೂ

೧೯೨೦ನೆಯ ಇಸವಿಯ ಆಗಸ್ಟ್ ೨೨ರಂದು ಆಂಟ್‌ವರ್ಪ್ ನಗರದ ಒಲಿಂಪಿಕ್ ಮ್ಯಾರಥಾನ್ ಓಟದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಗುರಿ ಮುಟ್ಟಿ ೧೯ನೆಯವರಾದರು. ಧಾರವಾಡ ಪ್ರಾಂತಕ್ಕೆ ಇದು ನೆರೆಮನೆಯ ಕೀರ್ತಿ. ಆದರೆ ಅದು ತಾರುಣ್ಯದ ಓಟ. ಪ್ರಾಯ ಕಳೆದು, ಕಾಲಿಗೆ ಪೆಟ್ಟಾಗಿ, ಆದರೂ ನಿತ್ಯದ ಓಟವನ್ನು ಬಿಡಲೊಲ್ಲದವನು ಏನು ಮಾಡಬೇಕು?

ಅಣ್ಣಿಗೇರಿಯನ್ನು ಕಡೆಗಾಲದಲ್ಲಿ ರಾಜಧಾನಿಯಾಗಿ ಮಾಡಿಕೊಂಡಿದ್ದ ಕಲ್ಯಾಣದ ಚಾಲುಕ್ಯರ ವಂಶದಲ್ಲಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮಲ್ಲರನ್ನು ವಯಸ್ಸು, ದೇಹ, ಬಲಗಳಿಂದ ವಿಂಗಡಿಸಿ ಅವರ ಸಾಧಕ, ಆಹಾರಗಳನ್ನು ವಿಧಿಸುತ್ತದೆ. ಆದರೆ ಅದು ಅರಸರ ವಿನೋದಕ್ಕಾಗಿ ಹೊರಟ ಗ್ರಂಥ. ಗಾಯಗೊಂಡವನ ವಿಚಾರಕ್ಕೆ ವೈದ್ಯಶಾಸ್ತ್ರವನ್ನೇ ನೋಡಬೇಕು.

ಅಲ್ಲಿ ಆಚಾರ್ಯರಲ್ಲಿ ಒಮ್ಮತವಿಲ್ಲ. ವಾಗ್ಭಟನು ವೃದ್ಧನಿಗೆ ವ್ಯಾಯಾಮವೇ ಬೇಡವೆಂದನು. ಸುಶ್ರುತನಾದರೋ ವ್ಯಾಯಾಮಶೀಲನ ಮೇಲೆ ಮುಪ್ಪು ತಟ್ಟನೆ ಏರಿ ಬರುವುದಿಲ್ಲವೆಂದು ಹೇಳಿ, ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರಗಳನ್ನು ನೋಡಿಕೊಂಡು ಅರ್ಧಶಕ್ತಿಯಿಂದ ಮಾಡಬೇಕೆಂದನು. ಹೃದಯದೆಡೆಯ ಉಸಿರು ಬಾಯಿಗೆ ಬಂದಾಗ ಅರ್ಧಶಕ್ತಿ ತೀರಿತೆಂದು ತಿಳಿಯತಕ್ಕದ್ದು. ಮಾತನಾಡಲು ಉಸಿರಿರುವಷ್ಟೇ ವೇಗದಲ್ಲಿ ಓಡಿರೆಂದು ಇಂದಿನ ತರಬೇತುದಾರರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಈ ವಿಷಯದಲ್ಲಿ ಸುಶ್ರುತನ ಪಕ್ಷವೇ ಬಲವಾದುದು. ಏಕೆಂದರೆ ಅವನು ಶಸ್ತ್ರವೈದ್ಯ, ಮುರಿದ ಎಲುಬುಗಳನ್ನು ಕಟ್ಟಿಯೂ ಬಲ್ಲವನು.

ಭಗ್ನಚಿಕಿತ್ಸೆಯಲ್ಲಿ ಅವನು ಕೊಡುವ ಲೆಕ್ಕವು ಗಮನಾರ್ಹವಾದುದು. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಗಟ್ಟಿಯಾಗುವ ಸಂಧಿಯು ಮಧ್ಯವಯಸ್ಸಿನಲ್ಲಿ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲ ಬೇಡುತ್ತದೆ. ಅಂಗೈ ಮುರಿದವನು ಮೊದಲು ಮಣ್ಣಿನ ಮುದ್ದೆಯನ್ನು, ಬಳಿಕ ಉಪ್ಪಿನ ಹರಳನ್ನು, ಬಲ ಬಂದ ಮೇಲಷ್ಟೇ ಕಲ್ಲನ್ನು ಹಿಡಿಯಬೇಕು. ಕೈಗೆ ಹೇಳಿದ ಈ ಕ್ರಮವು ಕಾಲಿಗೆ ಸಲ್ಲದೆ? ನಡಿಗೆಯೇ ಮಣ್ಣಿನ ಮುದ್ದೆ, ಮಂದವಾದ ಓಟವೇ ಉಪ್ಪು, ಪಂದ್ಯವು ಕಲ್ಲು. ಅರವತ್ತರವನು ಮೊದಲ ವಾರದಲ್ಲಿಯೇ ಕಲ್ಲಿಗೆ ಕೈಹಾಕುತ್ತಾನೆ, ಮತ್ತೆ ಹಾಸಿಗೆ ಹಿಡಿಯುತ್ತಾನೆ.

ಪೋರ್ತುಗಾಲದ ಕಾರ್ಲೋಸ್ ಲೋಪೆಸ್ ೧೯೭೬ರಲ್ಲಿ ಮಾಂಟ್ರಿಯಲ್‌ನಲ್ಲಿ ಹತ್ತು ಸಾವಿರ ಮೀಟರಿನ ಬೆಳ್ಳಿಯ ಪದಕ ಗೆದ್ದ ಬಳಿಕ ಹಿಮ್ಮಡಿಯ ನರದ ನೋವಿನಿಂದ ಕೆಲವು ವರ್ಷ ಹಿಂದೆ ಬಿದ್ದರು. ೧೯೮೪ರಲ್ಲಿ, ೩೭ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನ ಮ್ಯಾರಥಾನನ್ನು ೨ ಗಂಟೆ ೯ ನಿಮಿಷ ೨೧ ಸೆಕೆಂಡುಗಳಲ್ಲಿ ಗೆದ್ದರು. ಅದಕ್ಕೆ ಎರಡು ವಾರ ಮೊದಲು ಸಾಧಕ ಮಾಡುತ್ತಿದ್ದಾಗ ಮೋಟಾರು ಗಾಡಿಯೊಂದು ಅವರನ್ನು ಕೆಡವಿತ್ತು. ದೊಡ್ಡ ಪೆಟ್ಟಾಗದೆ ಉಳಿದುದು ಅವರ ದೈವ. ಅನುಕರಿಸತಕ್ಕದ್ದು ಆ ಎರಡು ವಾರಗಳನ್ನಲ್ಲ, ಅದಕ್ಕೂ ಹಿಂದಿನ ವರ್ಷಗಳ ತಾಳ್ಮೆಯನ್ನು.

ಇನ್ನು ದೇಶಕಾಲ. ನವಲಗುಂದ, ಕುಂದಗೋಳಗಳ ಎರೆಭೂಮಿಯು ಮಳೆಯಲ್ಲಿ ಕಾಲಿಗಂಟಿ ಹಿಮ್ಮಡಿಯನ್ನು ಜಗ್ಗುತ್ತದೆ. ಬೇಸಿಗೆಯಲ್ಲಿ ಬಿರಿದು, ಪಾದ ಸಿಕ್ಕುವಷ್ಟು ಬಾಯಿ ತೆರೆಯುತ್ತದೆ. ಕಲಘಟಗಿಯ ಕಡೆಗೆ ಏರಿಳಿತವೇ ಹೆಚ್ಚು, ಇಳಿಜಾರು ಮೊಣಕಾಲಿಗೆ ಹಗೆ. ಚಳಿಗಾಲ, ವಸಂತಗಳಲ್ಲಿ ಅರ್ಧಶಕ್ತಿ, ಮಿಕ್ಕ ಋತುಗಳಲ್ಲಿ ಅದಕ್ಕೂ ಕಡಿಮೆಯೆಂದು ವಾಗ್ಭಟನು ಬಲಿಷ್ಠರಿಗೇ ಕಟ್ಟುಮಾಡಿದ್ದಾನೆ. ಹಿಂಗಾರಿ ಜೋಳ ಕೊಯ್ದ ಬಳಿಕ, ಬಿಸಿಲೇರುವ ಮುನ್ನ, ಸಮನಾದ ಬಂಡಿದಾರಿಯಲ್ಲಿ ಒಂದು ಹರದಾರಿ ನಡೆದು ನೋಯದೆ ಮನೆಗೆ ಬಂದವನು ಮರುದಿನ ಅದರಲ್ಲಿ ಸ್ವಲ್ಪ ದೂರ ಓಡಬಹುದು.