ಅಕ್ಕನ ಬಸದಿಯೂ ದಂಪತಿಗಳ ಧನವಿನಿಯೋಗವೂ

ಪತಿಪತ್ನಿಯರಲ್ಲಿ ಒಬ್ಬರಿಗೆ ಸಂಚಯದಲ್ಲಿ ಆಸಕ್ತಿ, ಇನ್ನೊಬ್ಬರಿಗೆ ದಾನದಲ್ಲಿ. ಈ ಭೇದದಿಂದ ಮನಸ್ತಾಪವುಂಟಾಗದ ಮನೆಗಳು ವಿರಳ. ಮತವೂ ಭಿನ್ನವಾಗಿದ್ದರೆ ಹಣದ ಮಾತು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಅಂತಹ ಭಿನ್ನಮತದ ದಾಂಪತ್ಯವೊಂದರ ಸ್ಮರಣೆಯನ್ನು ಶ್ರವಣಬೆಳಗೊಳದ ಅಕ್ಕನ ಬಸದಿ ಉಳಿಸಿಕೊಂಡಿದೆ.

ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯು ಶಿವಭಕ್ತನಾದ ಬ್ರಾಹ್ಮಣ. ಆತನ ಪತ್ನಿ ಆಚಿಯಕ್ಕ ಜಿನಭಕ್ತೆ. ಕ್ರಿ.ಶ. 1181ರಲ್ಲಿ ಆಕೆ ಪಾರ್ಶ್ವನಾಥ ಸ್ವಾಮಿಯ ಈ ಬಸದಿಯನ್ನು ಕಟ್ಟಿಸಿದಳು. ಆಚಿಯಕ್ಕನ ಬಸದಿಯೇ ಜನರ ಬಾಯಲ್ಲಿ ಅಕ್ಕನ ಬಸದಿಯಾಯಿತು. ನವರಂಗದ ಕಂಬಗಳ ನುಣುಪನ್ನು ನೋಡಿದವರಿಗೆ, ಇಲ್ಲಿ ವ್ಯಯವಾದ ದ್ರವ್ಯ ಅಲ್ಪವಲ್ಲವೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಲೆಕ್ಕ ಬಲ್ಲವರು ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಕಟ್ಟಡದ ವೆಚ್ಚ ಒಮ್ಮೆಗೆ ಮುಗಿಯುತ್ತದೆ. ಪೂಜೆ, ಆಹಾರದಾನ, ಜೀರ್ಣೋದ್ಧಾರಗಳ ವೆಚ್ಚ ಎಂದಿಗೂ ಮುಗಿಯುವುದಿಲ್ಲ. ನಮ್ಮ ಟ್ರಸ್ಟುಗಳಿಗೆ ಇದರ ಅನುಭವ ಸಾಕಷ್ಟಿದೆ. ಉತ್ಸಾಹದಿಂದ ಒಬ್ಬರು ದೇಣಿಗೆ ಘೋಷಿಸುತ್ತಾರೆ. ಮನೆಯ ಇನ್ನೊಬ್ಬರಿಗೆ ಅದು ಸಭೆಯಲ್ಲಿಯೇ ಮೊದಲು ತಿಳಿಯುತ್ತದೆ. (ಘೋಷಿಸುವವರು ಬಹುಶಃ ಪುರುಷರೇ!) ಅಂತಹ ದಾನದ ಮುಂದಿನ ಕಂತು ಬಾರದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಪರಿಗ್ರಹ ಪರಿಮಾಣ ವ್ರತವನ್ನು ಒಬ್ಬರೇ ಸ್ವೀಕರಿಸಿ, ಅದರ ಭಾರವನ್ನು ಇಬ್ಬರ ಮೇಲೂ ಹೊರಿಸುವುದು ಉಚಿತವೇ?

ಆಚಿಯಕ್ಕನ ಬಸದಿಗೆ ನಿತ್ಯದ ಆದಾಯ ಬೇಕಾಗಿತ್ತು. ಅದಕ್ಕಾಗಿ ವೀರಬಲ್ಲಾಳನಲ್ಲಿ ಬಿನ್ನಹ ಮಾಡಿಕೊಂಡವನು ಚಂದ್ರಮೌಳಿ. ಆತ ತನ್ನ ಇಷ್ಟದೈವವನ್ನು ಬಿಡಲಿಲ್ಲ, ಪತ್ನಿಯ ದೈವಕ್ಕೆ ಕೊರತೆಯಾಗಲೂ ಬಿಡಲಿಲ್ಲ. ಅರಸನು ಬಮ್ಮೆಯನಹಳ್ಳಿಯನ್ನು ಬಸದಿಗೆ ದತ್ತಿಯಾಗಿ ಕೊಟ್ಟನು.